ಭಟ್ಟಿ ಆರೂ ಹೊತ್ತಿಗೆ

ಕಡೀ ಪಾವು ಹೊರಗ ಬಂದ ಮ್ಯಾಲೂ
ಭಟ್ಟಿಗೆ ಇನ್ನೂ ಎರಡು ತಾಸಿನ ಜೀವ ಇರತದ.
ಆ ಕಾವು ಯಾರದೂ ಅಲ್ಲ.
ಮಾಲಕರ ಲೆಕ್ಕದಾಗಿಲ್ಲ, ಕಟಗಿಯವನ ಚೀಟಿಯಾಗಿಲ್ಲ.
ಇವತ್ತು ಅದನ್ನ ನಾ ತಗೊಂಡೇನಿ,
ದ್ವಾರಕಾಬಾಯಿ ಟೀಚರ್ ಸಲುವಾಗಿ.

ಹೋದ ಜ್ವರದಾಗ ಅವರ ನಾಲಿಗಿಂದ ಸಿಹಿ ಎದ್ದು ಹೋತು.
ಉಪ್ಪು ತಿಳೀತದ, ಖಾರ ತಿಳೀತದ,
ಪೇಢೆ ಬಾಯಾಗಿಟ್ಟರ ಮಾತ್ರ
ಗೋಡಿ ಸುಣ್ಣ ನೆಕ್ಕಿಧಾಂಗ, ಅಂತಾರ.
ಮಾಳಮಡ್ಡಿಯಾಗ ಮೂವತ್ತೊಂದು ವರ್ಷ
ಕಾಗುಣಿತ ತಿದ್ದಿದ ನಾಲಿಗಿ ಅದು.
ನನ್ನ 'ಳ' ಸಲುವಾಗಿ ಎಷ್ಟು ಸಲ ಕಿವಿ ಹಿಂಡಿದಾರೋ,
ಎಡಗಿವಿ ಇವತ್ತಿಗೂ ಒಂದು ನೂಲು ಉದ್ದ.

ನವಲೂರ ಪೇರಲ, ಎಂಟು.
ಮೂಗಿಗೆ ಮೊದಲು ಬಂದು
ಕೈಗೆ ಆಮ್ಯಾಲೆ ಬರುವಂಥಾವು.
ಬುಟ್ಟಿ ಬಾಳವ್ವ ಒಂದು ಹೆಚ್ಚಿಗಿ ಹಾಕಿ
"ಯಾರ ಮದವಿಪಾ?" ಅಂದಳು.
ಮದವಿ ಅಲ್ಲ ಬೇ, ಪರೀಕ್ಷಾ, ಅಂದೆ.

ಹಣ್ಣು ಸೀಳಿ, ಬೀಜದ ಗೂಡು ಚಮಚದಿಂದ ಕೆತ್ತಿದೆ.
ಚೆಲ್ಲಲಿಲ್ಲ; ಜರಡಿಗೆ ತಿಕ್ಕಿ ರಸ ತಗದು
ಬೆಲ್ಲ, ನಾಕು ಕರಿಮೆಣಸು, ಲಿಂಬಿಹುಳಿ,
ಎಳಿ ಬರೂತನ ಕುದಿಸಿದೆ.
ಹಿಟ್ಟು ಅರ್ಧ ಮೈದಾ, ಅರ್ಧ ಜೋಳದ್ದು.
ಜೋಳಕ್ಕ ಜಿಗಿ ಇಲ್ಲ, ಒಡೀತದ.
ತಣ್ಣನ ಬೆಣ್ಣಿ ಬೆರಳ ತುದಿಯಾಗ ಮುರಕೋತ
ರವಾ ಆದಾಗ ನೀರು ಚಿಮುಕಿಸಿ
ಹೆಚ್ಚು ಮಾತಾಡಿಸದ ಬಿಡಬೇಕು,
ಸಿಟ್ಟಿನ ಮಂದೀನ್ನ ಬಿಟ್ಟಾಂಗ.
ತತ್ತಿ ಹಾಕಲಿಲ್ಲ.
ಅವರು ಕೇಳೂದಿಲ್ಲ, ನಾನೂ ಹೇಳೂದಿಲ್ಲ.
ಹೊಸಾ ಪತ್ರಾ, ಹೊಸಾ ಅರಿಬಿ.

ಈಗ ಬಂತು ನನ್ನ ಕಳ್ಳದಾರಿ:
ತಿಳಿಯೂ ರುಚಿಯ ಬೆನ್ನ ಮ್ಯಾಲೆ
ತಿಳೀಲಾರದ್ದನ್ನ ಕುಂದರಿಸಿ ಕಳಸೂದು.
ಲಟಿಸಿದ ಹಿಟ್ಟಿನ ಮ್ಯಾಲೆ ಗುರೆಳ್ಳು ಚಟ್ನಿಪುಡಿ ಹರವಿದೆ.
ಬ್ಯಾಡಗಿ ಮೆಣಸಿನಕಾಯಿದು, ಬಣ್ಣ ಹೆಚ್ಚು, ಸಿಟ್ಟು ಕಡಿಮಿ.
ಹರಳುಪ್ಪು ಜಜ್ಜಿ ಹಾಕಿದೆ.
ಅದರ ಮ್ಯಾಲೆ ಪೇರಲ ಹೋಳು, ತೆಳ್ಳಗ,
ಒಂದರ ಸೆರಗಿನ ಮ್ಯಾಲೆ ಇನ್ನೊಂದು,
ಹೊರಗಿನ ಸುತ್ತು, ಒಳಗಿನ ಸುತ್ತು,
ನಡುವ ಹೆಬ್ಬೆರಳು ಹಿಡಿಸುವಷ್ಟು ಜಾಗಾ;
ಅಲ್ಲಿ ಒಂದು ಪೇಢೆ ಪುಡಿ ಮಾಡಿ ತುಂಬಿದೆ.
ದಿನಾ ಎರಡು ಚೀಲ ಮೈದಾ ನಾದೂ ಕೈಗೆ
ಇಷ್ಟು ನಾಜೂಕು ಎಲ್ಲಿಂದ ಬಂತು, ಚಾಚಾ,
ಅಂತ ಹುಡುಗ ಮೌಲಾಲಿ ನಕ್ಕ.

ಭಟ್ಟಿಯೊಳಗ ಒಂದು ಚಿಟಿಕಿ ಹಿಟ್ಟು ಒಗದು ಎಣಿಸಿದೆ.
ಐದಕ್ಕ ಕರ್ರಗಾದರ ಬ್ಯಾಡ.
ಹನ್ನೆರಡಕ್ಕ ಬಂಗಾರ ಆತು.
ಉದ್ದನ ಹಲಗಿ ಮ್ಯಾಲೆ ಪತ್ರಾ ಇಟ್ಟು ಒಳಗ ಬಿಟ್ಟು
ಬಾಯಿಗೆ ಹಸಿ ಗೋಣಿಚೀಲ ಹಾಕಿದೆ.
ಮೊದಲು ಬೆಣ್ಣಿ ವಾಸನಿ. ಆಮ್ಯಾಲೆ ಹಣ್ಣು.
ಗುರೆಳ್ಳಿನ ವಾಸನಿ ಬಂದಾಗ
ಹೊರಗ ಮಲಗಿದ್ದ ನಾಯಿ ಎದ್ದು ಕೂತಿತು.

ಮುಂಜಾನೆ ಏಳಕ್ಕ ಅವರ ಮನಿ ಕಟ್ಟಿ.
ತಾಟಿನಾಗ ಒಂದು ಹೋಳು, ಪೇರಲದ ಪಾಕ ಸವರಿದ್ದು.
ಕನ್ನಡಕ ಏರಿಸಿ, ಉತ್ತರಪತ್ರಿಕಿ ನೋಡಿಧಾಂಗ
ಮೊದಲು ಅಂಚು ನೋಡಿದರು.
ಕಡಿದರು. ಕರ್ ಅಂತು.
ಬಾಳ ಹೊತ್ತು ಅಗದರು.
ಐವತ್ತೆರಡರ ನಾನು ಎರಡನೇತ್ತೆ ಹುಡುಗ ಆಗಿ
ಕಿವಿ ಮುಟಗೊಂಡು ನಿಂತೆ.

"ಉಪ್ಪು ಸರಿ. ಖಾರ ಹಿಂದಿಂದ ಬರತದ.
ತಳ ಒಂದು ಕಡೆ ಸೀದದ, ರಾಜ್ಯಾ."
ಹೌದ್ರಿ.
"ಸಿಹಿ ಬರಲಿಲ್ಲ."
ಹೌದ್ರಿ.

ತಾಟು ಎತ್ತಬೇಕು ಅನ್ನೂದ್ರಾಗ
ಬೆರಳಿಗೆ ಅಂಟಿದ ಪುಡಿ ನೆಕ್ಕಿ "ತಡಿ" ಅಂದರು.
ಕಣ್ಣು ಮುಚ್ಚಿದರು. ಓಣ್ಯಾಗ ಹಾಲಿನ ಸೈಕಲ್ಲು ದಾಟಿ ಹೋತು.
"ಸಿಹಿ ಅನ್ನಾಕ ಬರೂದಿಲ್ಲ.
ಆದರ ಖಾರ ಹೋದ ಮ್ಯಾಲೆ,
ಯಾರೋ ಇಷ್ಟೊತ್ತನಕ ಕೂತು ಎದ್ದು ಹೋದಾಂಗ
ಅಲ್ಲೆ ಜಾಗಾ ಬೆಚ್ಚಗದ."

ಆಮ್ಯಾಲೆ ತಾಟು ನನ್ನ ಕಡೆ ದೂಡಿ,
"ಇನ್ನೊಂದು ಹೋಳು ಹಾಕು.
ಆ ಸೀದದ್ದ ಹಾಕು," ಅಂದರು,
'ಳ' ಒತ್ತಿ.